ಕೇಳುವ ದೋಣಿಗಳು

ಕಂಚಿಕೋಡಿ ಬಂದರಿನ ಕಡಲಕೂಟದಲ್ಲಿ ನಾಲ್ಕುನೂರ ಹನ್ನೆರಡು ಬೋಟುಗಳಿದ್ದವು. ಮಾತಾಡುತ್ತಿದ್ದವು ನಲವತ್ತು. ಉಳಿದವು ಕೇಳುತ್ತಿದ್ದವು.

ಕೂಟವೆಂದರೆ ಇಷ್ಟೇ: ಪ್ರತಿ ಬೋಟಿನ ಚುಕ್ಕಾಣಿಯ ಪಕ್ಕ ಅಂಗೈಯಗಲದ ಒಂದು ಪೆಟ್ಟಿಗೆ. ಗುಂಡಿ ಒತ್ತಿ ಮಾತಾಡಿದರೆ ಆ ಮಾತು ಉಪಗ್ರಹಕ್ಕೆ ಹತ್ತಿ ಇಳಿದು ಎಲ್ಲ ಬೋಟುಗಳಿಗೂ, ದಡದ ಮನೆಯವರ ಫೋನುಗಳಿಗೂ ತಲುಪುತ್ತಿತ್ತು; ಆ ಫೋನುಗಳಿಂದಲೂ ಮಾತಾಡಬಹುದಿತ್ತು. ಗಾಳಿ ಎತ್ತ ತಿರುಗಿತು, ಎಷ್ಟು ಮಾರು ಆಳದಲ್ಲಿ ಬಲೆ ಹರಿಯಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಬೋಟಿನ ಅಡುಗೆಯವ ಸಾರಿಗೆ ಉಪ್ಪು ಮರೆತ, ಎಲ್ಲವೂ ಅಲ್ಲಿ ಬರುತ್ತಿತ್ತು. ಒಂಬತ್ತು ವರ್ಷಗಳಿಂದ ಅವೇ ನಲವತ್ತು ಗಂಟಲುಗಳು.

ದಿನಕ್ಕೊಮ್ಮೆ ಮಾತ್ರ ಎಲ್ಲರೂ ಬಾಯಿ ತೆರೆಯುತ್ತಿದ್ದರು. ಸಂಜೆ ಐದೂವರೆಗೆ ಕೋಟ್ಯಣ್ಣ ಎಂಬ ಮುದುಕರು ದಡದ ತಮ್ಮ ಜಗಲಿಯಲ್ಲಿ ಕೂತು ಪುರಾಣದ ಒಂದು ಷಟ್ಪದಿಯನ್ನು ರಾಗವಾಗಿ ಓದುತ್ತಿದ್ದರು. ಆಮೇಲೆ ಒಂದೊಂದೇ ಬೋಟಿನ ಹೆಸರು ಕರೆಯುತ್ತಿದ್ದರು. ಕರೆದ ಬೋಟು "ಓ" ಅನ್ನಬೇಕು. ಮೂರು ಸಲ ಕರೆದರೂ ಓಗೊಡದ ಬೋಟಿಗೆ ಯಾರು ಹತ್ತಿರವೋ ಅವರು ಬಲೆ ಎತ್ತಿ, ಅತ್ತ ಹೋಗಿ, ನೋಡಿ ಬರಬೇಕು. ಇದು ಎಲ್ಲಿಯೂ ಬರೆದಿಟ್ಟ ಕಟ್ಟಳೆಯಲ್ಲ. ಪದ್ಯ ಕೇಳಿದ ಕಿವಿಗೆ ಹೆಸರೂ ಕೇಳಿಸಬೇಕು ಎಂಬ ನಂಬಿಕೆ, ಅಷ್ಟೆ. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ವಾರಿಜಾ ಮೆಂಡನ್ ಗುಡ್ಡದ ಮೇಲಿನ ಕಡಲ ಸಂಪರ್ಕ ಕೇಂದ್ರದಲ್ಲಿ ವಿಜ್ಞಾನಿ. ಹುಟ್ಟಿ ಬೆಳೆದದ್ದು ಅದೇ ಬಂದರಿನಲ್ಲಿ. ಅವಳಿಗೆ ಕೇಂದ್ರ ಕೊಟ್ಟಿದ್ದ ಪ್ರಶ್ನೆ ಒಂದೇ: ಮಿಕ್ಕ ಮುನ್ನೂರ ಎಪ್ಪತ್ತೆರಡು ಬೋಟುಗಳು ಯಾಕೆ ಮಾತಾಡುವುದಿಲ್ಲ?

ಅವಳು ಮೊದಲು ಜನರನ್ನೇ ಕೇಳಿದಳು.

"ನಾನು ಹೇಳುವ ಮೊದಲೇ ಯಾರಾದ್ರೂ ಹೇಳಿ ಆಗಿರ್ತದೆ," ಎಂದ ಒಬ್ಬ.

"ಒಂದು ಸಲ ಮಾತಾಡಿದ್ದೆ. ತಿಮಿಂಗಿಲ ಕಂಡಿತು ಅಂತ. ಅದು ತೇಲಿ ಬಂದ ತೆಂಗಿನ ಮರ. ಏಳು ವರ್ಷ ಆಯ್ತು, ಈಗಲೂ ನನ್ನ ಹೆಸರು ತಿಮಿಂಗಿಲ. ಇನ್ನು ಬಾಯಿ ಬಿಡ್ಲಿಕ್ಕುಂಟಾ?" ಎಂದ ಇನ್ನೊಬ್ಬ.

ಮೂರನೆಯವನು ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಅಂದ: "ಮೀನು ಸಿಕ್ಕಿದವ ಮಾತಾಡ್ತಾನಾ ಅಕ್ಕ? ಬಾಯಿ ಬಿಟ್ರೆ ಜಾಗ ಹೋಯ್ತು. ನೀವೂ ಇದೇ ಊರಿನವರಲ್ವಾ!"

ಅವಳ ಸ್ವಂತ ಅಣ್ಣ ಶೇಖರ 'ಮಹಾಲಿಂಗ ಕೃಪಾ' ಬೋಟಿನ ತಾಂಡೇಲ. ಬೋಟು ನಡೆಸುವವನೂ ಅವನೇ, ಆರು ಮಂದಿಯ ಹೊಣೆ ಹೊತ್ತವನೂ ಅವನೇ. ಸಂಜೆಯ ಒಂದು "ಓ" ಬಿಟ್ಟರೆ ಒಂಬತ್ತು ವರ್ಷಗಳಲ್ಲಿ ಕೂಟದಲ್ಲಿ ಒಂದಕ್ಷರ ಆಡಿದವನಲ್ಲ. ಆದರೆ ಒಮ್ಮೆ ಯಾರೋ ಗಾಳಿಯ ಸುದ್ದಿ ಹೇಳುತ್ತಿದ್ದಾಗ ಆ ಮಾತಿನ ಹಿಂದೆ ಎಂಜಿನ್ನು ಕೆಮ್ಮುವುದನ್ನು ಕೇಳಿ, ಹೇಳದೆ ಕೇಳದೆ ಹದಿನೆಂಟು ಮೈಲು ಹೋಗಿ ಆ ಬೋಟನ್ನು ಎಳೆದು ತಂದಿದ್ದ. ವಾರಿಜಾ ಅವನನ್ನೂ ಕೇಳಿದಳು.

"ಕೇಳ್ತಾ ಇರ್ತೇನಲ್ಲ," ಎಂದ ಅವನು. ಅದೇ ದೊಡ್ಡ ಕೆಲಸ ಎಂಬಂತೆ.

"ಅವರನ್ನೆಂತ ಕೇಳುದು ಮಾರಾಯ್ತಿ," ಒಳಗಿನಿಂದ ಅತ್ತಿಗೆ ಸುಗಂಧಿ ಕೂಗಿದಳು. "ಮದುವೆಯ ದಿನ ಭಟ್ರು ಮಂತ್ರ ಹೇಳಿ ಅಂದ್ರೆ ತುಟಿ ಮಾತ್ರ ಅಲ್ಲಾಡ್ಸಿದ ಜನ. ಆ ಮದುವೆ ಆಗಿದೆಯೋ ಇಲ್ಲವೋ ನಂಗೆ ಇವತ್ತಿಗೂ ಗೊತ್ತಿಲ್ಲ!"

ಶೇಖರ ನಕ್ಕ. ಅದೂ ಸದ್ದಿಲ್ಲದೆ.

*

ಮೌನಕ್ಕೂ ಗುರುತುಗಳಿರುತ್ತವೆ ಎಂದು ವಾರಿಜಾ ಕಂಡುಕೊಂಡದ್ದು ಎರಡನೆಯ ವರ್ಷದಲ್ಲಿ. ಮಾತಾಡದ ಬೋಟಿನ ಪೆಟ್ಟಿಗೆಯೂ ಸುಮ್ಮನಿರುವುದಿಲ್ಲ. ದನಿ ಎಷ್ಟು ಏರಿಸಿದ್ದಾರೆ, ಯಾರ ಮಾತನ್ನು ಎರಡನೆಯ ಸಲ ಹಾಕಿಕೊಂಡು ಕೇಳಿದರು, ಎಲ್ಲಕ್ಕಿಂತ ಹೆಚ್ಚಾಗಿ, ಗುಂಡಿಯನ್ನು ಎಷ್ಟು ಸಲ ಒತ್ತಿ, ಮಾತಾಡದೆ ಬಿಟ್ಟರು, ಇವೆಲ್ಲ ಅದರಲ್ಲಿ ದಾಖಲಾಗುತ್ತಿದ್ದವು. ಒತ್ತಿ ಬಿಡುವುದೇ ಮುಖ್ಯ ಸುಳಿವು. ಬಲೆ ತುಂಬಿದವನಿಗೆ ಹೇಳುವ ಆಸೆ ತಡೆಯದು. ಬೆರಳು ಗುಂಡಿಗೆ ಹೋಗುತ್ತದೆ, ಬುದ್ಧಿ ಹಿಂದೆ ಎಳೆಯುತ್ತದೆ. ಮೂರು ಸಾವಿರ ಸಲ ದಡಕ್ಕೆ ಬಂದ ಬೋಟುಗಳ ಮೀನನ್ನೂ ಅವುಗಳ ಮೌನವನ್ನೂ ಒಂದರ ಪಕ್ಕ ಒಂದಿಟ್ಟು ಅವಳು ಯಂತ್ರಕ್ಕೆ ಕಲಿಸಿದಳು. ಯಂತ್ರ ನೂರರಲ್ಲಿ ತೊಂಬತ್ತನಾಲ್ಕು ಸಲ ಸರಿ ಹೇಳತೊಡಗಿತು.

ಅದಕ್ಕೆ ಮೌನಮಾಪಕವೆಂದು ಹೆಸರಿಟ್ಟವರು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಉಪಾಧ್ಯ. ಕೂಟದಲ್ಲಿ ಪ್ರತಿ ಬೋಟಿನ ಹೆಸರಿನ ಮುಂದೆ ಒಂದು ಬಣ್ಣದ ಬೊಟ್ಟು ಮೂಡಿತು. ನೀಲಿಯೆಂದರೆ ಸುಮ್ಮನೆ ಕೇಳುತ್ತಿದ್ದಾರೆ. ಬೂದಿಯೆಂದರೆ ಮಲಗಿದ್ದಾರೆ. ಹಸಿರೆಂದರೆ ಮೀನು ಸಿಕ್ಕಿದೆ, ಹೇಳುತ್ತಿಲ್ಲ. ಕೆಂಪೆಂದರೆ ಸಹಾಯ ಬೇಕು.

ಬೆಸ್ತರು ಸಿಟ್ಟಾಗಬಹುದೆಂದು ವಾರಿಜಾ ಹೆದರಿದ್ದಳು. ಹಾಗಾಗಲಿಲ್ಲ. ಮೀನುಗಾರರ ಸಂಘ ಒಂದು ನಿಯಮ ಮಾಡಿಕೊಂಡಿತು. ಹಸಿರು ಬೊಟ್ಟಿನ ಬೋಟಿಗೆ ಐದು ಮೈಲು ಸುತ್ತ ಬೇಲಿ. ಆ ಬೇಲಿಯೊಳಗೆ ಇನ್ನೊಂದು ಬೋಟು ಕಾಲಿಡುವಂತಿಲ್ಲ, ಇಟ್ಟರೆ ಒಂದು ತಿಂಗಳು ದಡಕ್ಕೆ ಕಟ್ಟಿಹಾಕುವುದು. ಅವರವರ ಮೀನು ಅವರವರಿಗೆ. ಮುಚ್ಚಿಡುವ ಕಷ್ಟವೂ ತಪ್ಪಿತು, ಕದಿಯುವ ಆಸೆಯೂ ತಪ್ಪಿತು. ಎರಡು ತಲೆಮಾರಿನ ಬಲೆಜಗಳಗಳು ಒಂದು ಹಂಗಾಮಿನಲ್ಲಿ ತಣ್ಣಗಾದವು. ಊರು ವಾರಿಜಾಳಿಗೆ ಶಾಲು ಹೊದಿಸಿತು.

ದಡದ ಹೆಂಗಸರು ಬೆಳಗೆದ್ದು ಫೋನಿನಲ್ಲಿ ಬೊಟ್ಟು ನೋಡುವುದನ್ನು ಕಲಿತರು. ಹಸಿರಿದ್ದ ಮನೆಯಲ್ಲಿ ನಗು, ನೀಲಿ ಇದ್ದ ಮನೆಯಲ್ಲಿ ನಿಟ್ಟುಸಿರು.

"ಇಂಥದ್ದೊಂದು ನಿನ್ನ ಅಣ್ಣನ ಕುತ್ತಿಗೆಗೂ ಕಟ್ಟು," ಎಂದಳು ಸುಗಂಧಿ, ಒಣಮೀನು ತಿರುವಿ ಹಾಕುತ್ತ. "ಮನೆಯಲ್ಲಿದ್ದಾಗ ಯಾವ ಬಣ್ಣ ಅಂತ ನಂಗೂ ಗೊತ್ತಾಗ್ಲಿ."

"ಮನೆಯಲ್ಲಿ ಬೂದಿಯೇ ಅತ್ತಿಗೆ. ನಿಮ್ಮ ಮಾತಿಗೆ ನಿದ್ದೆ ಬರ್ತದೆ ಅವನಿಗೆ."

"ಹೌದೌದು, ಅಣ್ಣ ತಂಗಿ ಒಂದೇ ಜಾತಿ. ಅವರು ಆಡುವುದಿಲ್ಲ, ನೀನು ಆಡುವುದು ಯಂತ್ರದ ಹತ್ತಿರ ಮಾತ್ರ."

ಸಂಜೆಯ ಕೂಗು ನಿಂತುಹೋಯಿತು. ಯಾರೂ ನಿಲ್ಲಿಸಿದ್ದಲ್ಲ. ಬೊಟ್ಟು ನೋಡಿದರೆ ತಿಳಿಯುತ್ತದಲ್ಲ, ಮುಕ್ಕಾಲು ಗಂಟೆ ಯಾಕೆ ಕೂರಬೇಕು ಎಂದು ಒಂದೊಂದೇ ಬೋಟು ಓಗೊಡುವುದನ್ನು ಬಿಟ್ಟಿತು. ಕೋಟ್ಯಣ್ಣ ಕೆಲವು ದಿನ ಹೆಸರು ಕರೆದು ಕರೆದು ನೋಡಿದರು. ಒಂದು ಸಂಜೆ ಪದ್ಯದ ಕೊನೆಯ ಸಾಲನ್ನು ಅರ್ಧಕ್ಕೆ ಬಿಟ್ಟು, ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

"ಬೇಜಾರಾಯ್ತಾ ಅಜ್ಜ?" ಎಂದು ದಾರಿಯಲ್ಲಿ ಸಿಕ್ಕಿದಾಗ ವಾರಿಜಾ ಕೇಳಿದಳು.

"ಬೇಜಾರಲ್ಲ ಮಗಾ. ಎದುರು ಹೂಂಗುಡುವವ ಇಲ್ಲದೆ ಪದ್ಯ ಓದಿದ್ರೆ ನಾಲಗೆ ತಪ್ಪುತ್ತದೆ. ಪುರಾಣದಲ್ಲಿ ನಾಲಗೆ ತಪ್ಪಬಾರದು."

*

ಅದಾಗಿ ಎರಡನೆಯ ಫೆಬ್ರವರಿ. ಬೆಳಗಿನ ಹನ್ನೊಂದು ಗಂಟೆ. ನಿಯಂತ್ರಣ ಕೊಠಡಿಯ ಗೋಡೆಯಗಲದ ನಕ್ಷೆಯಲ್ಲಿ ಬೋಟುಗಳು ಬಣ್ಣಬಣ್ಣದ ಕಾಳುಗಳಂತೆ ಚೆಲ್ಲಿಕೊಂಡಿದ್ದವು. ಸುಗಂಧಿಯ ಫೋನು ಬಂತು.

"ನೋಡಿದೆಯಾ? ಹಸಿರು! ಬಾಳೆಲೆಯ ಹಾಗೆ ಉಂಟು! ಒಂಬತ್ತು ದಿನ ನೀಲಿ ನೋಡಿ ನೋಡಿ ನನ್ನ ಕಣ್ಣೇ ನೀಲಿಯಾಗಿತ್ತು."

ವಾರಿಜಾ ನೋಡಿದಳು. 'ಮಹಾಲಿಂಗ ಕೃಪಾ', ದಡದಿಂದ ಮೂವತ್ತೆಂಟು ಮೈಲು. ಹಸಿರು. ಯಂತ್ರದ ಖಾತ್ರಿ ನೂರಕ್ಕೆ ತೊಂಬತ್ತೇಳು. ಅವಳಿಗೂ ಖುಷಿಯಾಯಿತು. ಯಾಕೆ ಹಸಿರು ಎಂದು ನೋಡಲು ಸುಮ್ಮನೆ ದಾಖಲೆ ತೆರೆದಳು.

ಹತ್ತು ನಲವತ್ತಕ್ಕೆ ಗುಂಡಿ ಒತ್ತಿ ಬಿಡಲಾಗಿತ್ತು. ಒಂದು ನಿಮಿಷದ ಮೇಲೆ ಮತ್ತೆ. ಮತ್ತೆ. ಹದಿನೈದು ನಿಮಿಷದಲ್ಲಿ ಹನ್ನೊಂದು ಸಲ. ಮಾತಿಲ್ಲ.

ಅವಳು ಹಿಂದಿನ ವರ್ಷಗಳ ದಾಖಲೆಯನ್ನೂ ತೆರೆದಳು.

ಶೇಖರನಿಗೆ ಈ ಹದಿನಾಲ್ಕು ವರ್ಷಗಳಲ್ಲಿ ಎಷ್ಟೋ ಸಲ ಬಲೆ ತುಂಬ ಮೀನು ಸಿಕ್ಕಿತ್ತು. ಒಂದು ಸಲವೂ ಅವನ ಬೆರಳು ಗುಂಡಿಗೆ ಹೋಗಿರಲಿಲ್ಲ. ಹೇಳುವ ಆಸೆಯನ್ನು ಅದುಮಿಕೊಂಡು ಸುಮ್ಮನಿದ್ದವನಲ್ಲ ಅವನು. ಅವನಿಗೆ ಆ ಆಸೆಯೇ ಇರಲಿಲ್ಲ. ಇಂಥವನು ಹನ್ನೊಂದು ಸಲ ಗುಂಡಿ ಒತ್ತಿದ್ದಾನೆಂದರೆ ಹೇಳಲೇಬೇಕಾದದ್ದು ಏನೋ ಇದೆ, ಹೇಳಲಾಗುತ್ತಿಲ್ಲ.

ಅವಳು ಉಪಾಧ್ಯರ ಕೋಣೆಗೆ ಓಡಿದಳು.

"ಸರ್, ಮಹಾಲಿಂಗ ಕೃಪಾಕ್ಕೆ ಕೆಂಪು ಹಾಕಿ. ಯಂತ್ರ ತಪ್ಪಿದೆ."

"ತೊಂಬತ್ತೇಳು ತೋರಿಸ್ತಾ ಇದೆಯಲ್ಲ."

"ಅದು ಬೇರೆಯವರ ಮೌನದಿಂದ ಕಲಿತದ್ದು ಸರ್. ನನ್ನ ಅಣ್ಣನದ್ದು ಹಾಗಲ್ಲ."

ಉಪಾಧ್ಯರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ವಾರಿಜಾ, ಒಬ್ಬ ತಂಗಿಗೆ ಹಾಗನ್ನಿಸಿತು ಅಂತ ನಾನು ಬಣ್ಣ ಬದಲಿಸಿದ್ರೆ ನಾಳೆ ಪ್ರತಿಯೊಬ್ಬನ ಬೇಲಿಯನ್ನೂ ಯಾರಾದ್ರೂ ನೆಂಟರು ಬಂದು ಮುರಿಸ್ತಾರೆ. ಮೂರು ಸಾವಿರ ಉದಾಹರಣೆ ಇದೆ ನಮ್ಮ ಹತ್ತಿರ. ಅದರಲ್ಲಿ ಒಂದಾದ್ರೂ ಒತ್ತಿ ಬಿಟ್ಟ ಬೋಟು ಅಪಾಯದಲ್ಲಿತ್ತಾ?"

"ಇಲ್ಲ," ಎಂದಳು. ಹೇಳಿದ ಮೇಲೆ ಆ ಮಾತಿನ ತಳ ಅವಳಿಗೆ ಕಂಡಿತು. ಮೂರು ಸಾವಿರವೂ ದಡಕ್ಕೆ ಮರಳಿದ ಬೋಟುಗಳು. ಅಪಾಯದಲ್ಲಿ ಕೂಗಿ ಹೇಳಿ ಬದುಕಿದವರದ್ದು ದಾಖಲೆಯಲ್ಲಿತ್ತು. ಹೇಳಲಾಗದೆ ಮುಳುಗಿದವರ ಪೆಟ್ಟಿಗೆಗಳು ಅವರ ಜೊತೆಗೇ ಮುಳುಗಿದ್ದವು. ಆ ಮೌನವನ್ನು ಯಂತ್ರ ಕೇಳಿಯೇ ಇರಲಿಲ್ಲ. ಅದನ್ನು ಕೇಳಿಸಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

ಕೊಠಡಿಗೆ ಮರಳಿ ಅವಳು ಕೂಟದ ಗುಂಡಿ ಒತ್ತಿದಳು. ಐದು ವರ್ಷ ಎಲ್ಲರನ್ನೂ ಕೇಳಿದವಳು, ಅಲ್ಲಿ ಒಮ್ಮೆಯೂ ಮಾತಾಡಿರಲಿಲ್ಲ.

"ನಾನು ಕೇಂದ್ರದಿಂದ ವಾರಿಜಾ. ಮಹಾಲಿಂಗ ಕೃಪಾದ ಹಸಿರು ತಪ್ಪು. ಅದು ಮೀನಲ್ಲ. ಹತ್ತಿರ ಇರುವವರು ದಯವಿಟ್ಟು ಹೋಗಿ ನೋಡಿ."

ಕ್ಷಣದಲ್ಲಿ ಉತ್ತರಗಳು ಬಂದವು.

"ಅಕ್ಕ, ಅಣ್ಣನಿಗೆ ಮೀನು ಸಿಕ್ಕಿದ್ರೆ ತಂಗಿಗೆ ಹೊಟ್ಟೆ ಉರಿಯಾ?"

"ಬೇಲಿ ಹಾಕಿದವರೇ ಬೇಲಿ ಮುರೀರಿ ಅಂತಾರಲ್ಲ! ಹೋದ್ಮೇಲೆ ಬೋಟು ಕಟ್ಟಿ ಹಾಕುದು ನಮ್ದು."

"ಶೇಖರಣ್ಣ ಹದಿನಾಲ್ಕು ವರ್ಷ ಮಾತಾಡ್ಲಿಲ್ಲ ಅಕ್ಕ, ಇವತ್ತು ಮಾತಾಡ್ಲಿಲ್ಲ ಅಂತ ಎಂತ ಗಡಿಬಿಡಿ?" ಇದಕ್ಕೆ ನಾಲ್ಕೈದು ಜನ ನಕ್ಕರು.

ಸುಗಂಧಿಯೂ ಕೇಳಿದ್ದಳು. ತನ್ನ ಫೋನಿನಿಂದ ಕೂಟಕ್ಕೆ ಅತ್ತು ಕರೆದಳು. ಆದರೆ ದಿನಕ್ಕೆ ಇಪ್ಪತ್ತು ಸಲ ಮಾತಾಡುವ ಸುಗಂಧಿಯ ಮಾತಿಗೆ ಕೂಟದಲ್ಲಿ ತೂಕವಿರಲಿಲ್ಲ. "ಸುಗಂಧಿಯಕ್ಕ ಶುರು ಮಾಡಿದ್ರು," ಎಂದ ಯಾರೋ.

ವಾರಿಜಾ ನಕ್ಷೆಯನ್ನೇ ನೋಡುತ್ತ ನಿಂತಳು. ಹಸಿರು ಬೊಟ್ಟಿನ ಸುತ್ತ ಐದು ಮೈಲಿನ ಗೆರೆ. ಗೆರೆಯ ಹೊರಗೆ ಹನ್ನೆರಡು ಬೋಟುಗಳು ಮರ್ಯಾದೆಯಿಂದ ದೂರ ನಿಂತಿದ್ದವು.

ಆಗ ಒಂದು ನೀಲಿ ಬೊಟ್ಟು ತಿರುಗಿತು. 'ಜಲದುರ್ಗಾ'. ಅದೂ ಮಾತಾಡದ ಬೋಟು. ಅದರ ತಾಂಡೇಲ ಯಾರೆಂದು ಕೂಡ ಅವಳಿಗೆ ಥಟ್ಟನೆ ನೆನಪಾಗಲಿಲ್ಲ. ಅವನು ಹೋಗುತ್ತೇನೆ ಎನ್ನಲಿಲ್ಲ, ಬರುತ್ತೇನೆ ಎನ್ನಲಿಲ್ಲ. ಬೊಟ್ಟು ಗೆರೆಯನ್ನು ಮುಟ್ಟಿತು, ದಾಟಿತು. ಅದರ ಹಿಂದೆ ಇನ್ನೊಂದು ನೀಲಿ, ಇನ್ನೊಂದು. ನಲವತ್ತು ಮಂದಿ ಇನ್ನೂ ವಾದ ಮಾಡುತ್ತಿದ್ದರು.

ಮಹಾಲಿಂಗ ಕೃಪಾದ ಮೀನುಕೋಣೆಯ ತಳದಲ್ಲಿ ಕೊಳೆತ ನೀರು ಕಟ್ಟಿಕೊಂಡು ವಿಷಗಾಳಿ ತುಂಬಿತ್ತು. ತೊಳೆಯಲು ಇಳಿದವನು ಬಿದ್ದ. ಎತ್ತಲು ಇಳಿದವನೂ ಬಿದ್ದ. ಹಗ್ಗ ಹಿಡಿದು ಬಾಗಿದ್ದ ಶೇಖರ ಮತ್ತು ಉಳಿದವರು ಮೇಲೆಯೇ ಕುಸಿದರು. ಅವನು ತೆವಳಿಕೊಂಡು ಪೆಟ್ಟಿಗೆಯವರೆಗೆ ಹೋಗಿದ್ದ. ಉಸಿರಿತ್ತು, ದನಿ ಇರಲಿಲ್ಲ. ಜಲದುರ್ಗಾದವರು ಐವರನ್ನು ಬದುಕಿಸಿ, ಇಬ್ಬರ ಹೆಣವನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಅರ್ಧ ಗಂಟೆ ಮೊದಲು ಹೋಗಿದ್ದರೆ ಒಬ್ಬನಾದರೂ ಉಳಿಯುತ್ತಿದ್ದ ಎಂದರು ಆಸ್ಪತ್ರೆಯಲ್ಲಿ.

*

ಸಭೆ ನಡೆಯಿತು. ಮಾಪಕವನ್ನು ತೆಗೆದುಬಿಡಿ ಎಂದಳು ವಾರಿಜಾ. ಸಂಜೆಯ ಕೂಗನ್ನು ಮತ್ತೆ ತನ್ನಿ ಎಂದಳು.

ಯಾರಿಗೂ ಅದು ಹಿಡಿಸಲಿಲ್ಲ. ಎರಡು ಮನೆಗಳಲ್ಲಿ ಸೂತಕವಿದ್ದಾಗ ದಿನಕ್ಕೊಂದು ಕೂಗು ತೀರ ಕಡಿಮೆಯೆನ್ನಿಸಿತು. "ತಪ್ಪು ಯಂತ್ರದ್ದಲ್ಲ, ಮೌನದ್ದು," ಎಂದರು ಸಂಘದ ಅಧ್ಯಕ್ಷರು. ಚಪ್ಪಾಳೆ ಬಿತ್ತು. ಹೊಸ ನಿಯಮ: ಪ್ರತಿ ಬೋಟೂ ಹಗಲಿರುಳು ಅರ್ಧ ಗಂಟೆಗೊಮ್ಮೆ ಹೆಸರು ಹೇಳಿ 'ನಾವಿದ್ದೇವೆ' ಎನ್ನಬೇಕು. ಇನ್ನು ಎರಡೇ ಬಣ್ಣ: ಹೇಳಿದರೆ ನೀಲಿ. ಅನ್ನದಿದ್ದರೆ ತಾನಾಗಿ ಕೆಂಪು, ರಕ್ಷಣಾ ದೋಣಿ ಹೊರಡುತ್ತದೆ; ಸುಮ್ಮಸುಮ್ಮನೆ ಹೊರಡಿಸಿದವನ ಬೋಟು ದಡಕ್ಕೆ.

ದಿನಕ್ಕೆ ಇಪ್ಪತ್ತು ಸಾವಿರ ಮಾತುಗಳು ಕೂಟದಲ್ಲಿ ಸುರಿಯತೊಡಗಿದವು. ಇಷ್ಟರ ನಡುವೆ ಗಾಳಿಯ ಸುದ್ದಿ ಹುಡುಕಿ ತೆಗೆಯುವುದು ಯಾರಿಂದಲೂ ಆಗಲಿಲ್ಲ. ಬೋಟುಗಳಲ್ಲಿ ಪೆಟ್ಟಿಗೆಯ ದನಿಯನ್ನು ಕೆಳಕ್ಕಿಳಿಸಿದರು. ಹೇಳುವುದು ಮಾತ್ರ ಕಡ್ಡಾಯ. ಕೇಳಬೇಕೆಂದು ನಿಯಮದಲ್ಲಿ ಬರೆದಿರಲಿಲ್ಲ.

ಆರು ತಿಂಗಳು ಮನೆಯಲ್ಲಿದ್ದ ಶೇಖರ, ಮಳೆಗಾಲದ ರಜೆ ಮುಗಿದ ಮೇಲೆ ಮತ್ತೆ ಕಡಲಿಗೆ ಹೊರಟ. ಅವನ ದನಿ ಒಡೆದುಹೋಗಿತ್ತು, ಒಣ ತೆಂಗಿನ ಗರಿ ಎಳೆದಂತೆ.

"ಹಗಲಿರುಳು ನಾನಿದ್ದೇನೆ ನಾನಿದ್ದೇನೆ ಅನ್ಲಿಕ್ಕೆ ನಾನೆಂತ ಕಪ್ಪೆಯಾ?" ಎಂದ, ಹೊರಡುವ ಬೆಳಗ್ಗೆ.

"ಕಪ್ಪೆ ಆದ್ರೂ ಆಗಿ, ಹಾವು ಆದ್ರೂ ಆಗಿ," ಎಂದಳು ಸುಗಂಧಿ. ಬುತ್ತಿಯ ಚೀಲವನ್ನು ಅವನ ಕೈಗೆ ಕೊಟ್ಟಳು. "ಇಷ್ಟು ವರ್ಷ ನಾನೊಬ್ಬಳೇ ಮಾತಾಡಿದ್ದು ಸಾಕು. ನನಗೆ ನಿಮ್ಮ ದನಿ ಕೇಳ್ತಾ ಇರ್ಬೇಕು. ಅಷ್ಟೇ."

ಅವನು ಅವಳ ಮುಖವನ್ನೊಮ್ಮೆ ನೋಡಿ, "ಆಯ್ತು" ಎಂದ.

ಕೊಟ್ಟ ಮಾತಿನಂತೆ ಅವನು ನಡೆದುಕೊಂಡ. ಸುಗಂಧಿ ಅಡುಗೆಮನೆಯಲ್ಲಿ ಫೋನಿಟ್ಟುಕೊಂಡು ಅರ್ಧ ಗಂಟೆಗೊಮ್ಮೆ ಗಂಡನ ದನಿ ಕೇಳುತ್ತಿದ್ದಳು. ನೆರೆಮನೆಯವರಿಗೂ ಕೇಳಿಸುತ್ತಿದ್ದಳು. "ಒಂದು ವಾರದಲ್ಲಿ ಆಡಿದಷ್ಟು ಮಾತು ಹದಿನಾರು ವರ್ಷದಲ್ಲಿ ಆಡ್ಲಿಲ್ಲ," ಎಂದು ನಗುತ್ತಿದ್ದಳು.

*

ಅಕ್ಟೋಬರ್ ಕೊನೆಯ ವಾರ. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣದಲ್ಲಿ ಆಕಾಶ ಮಂಕಾಗಿ, ಕಡಲು ಸೀಸದ ಬಣ್ಣಕ್ಕೆ ತಿರುಗಿತ್ತು. ಹವಾಮಾನದವರು ಬೆಳಿಗ್ಗೆಯೇ ಎಚ್ಚರಿಕೆ ಕೊಟ್ಟಿದ್ದರು. ವಾರಿಜಾ ಅದನ್ನು ಕೂಟದಲ್ಲಿ ನಾಲ್ಕು ಸಲ ಹೇಳಿದ್ದಳು. ಒಂದು ಬೋಟೂ ದಡದ ಕಡೆ ಮುಖ ಮಾಡಿರಲಿಲ್ಲ. ಗೋಡೆಯ ನಕ್ಷೆಯ ಮೇಲೆ ನಾಲ್ಕುನೂರ ಹನ್ನೆರಡು ನೀಲಿ ಬೊಟ್ಟುಗಳು.

ಅವಳು ಅಣ್ಣನ ದನಿಗಾಗಿ ಕಾದಳು. ಮೂರು ಹತ್ತಕ್ಕೆ ಬಂತು.

"ಮಹಾಲಿಂಗ ಕೃಪಾ." ಒಂದು ಸಣ್ಣ ಕೆಮ್ಮು. "ನಾವಿದ್ದೇವೆ."

ಎಚ್ಚರಿಕೆ ಕೇಳಿದನೋ ಇಲ್ಲವೋ ದನಿಯಲ್ಲಿ ತಿಳಿಯಲಿಲ್ಲ. ಮೂರು ನಲವತ್ತಕ್ಕೆ ಮತ್ತೆ ಬಂತು.

"ಮಹಾಲಿಂಗ ಕೃಪಾ." ಒಂದು ಸಣ್ಣ ಕೆಮ್ಮು. "ನಾವಿದ್ದೇವೆ."

ವಾರಿಜಾ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದಳು. ಪರದೆಯ ಮೇಲೆ ದನಿಯ ಅಲೆಗಳು ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. ಬೆಳಗಿನದ್ದನ್ನು ತೆಗೆದಳು, ನಿನ್ನೆಯದ್ದನ್ನು ತೆಗೆದಳು, ಆರು ದಿನದ ಹಿಂದಿನದ್ದನ್ನು ತೆಗೆದಳು. ಅದೇ ಕೆಮ್ಮು, ಅದೇ ಜಾಗದಲ್ಲಿ.

ಅವಳು ಜಲದುರ್ಗಾದ್ದನ್ನು ತೆಗೆದಳು. ಅದರಲ್ಲಿ ದಿನವೂ ಅರ್ಧ ಗಂಟೆಗೊಮ್ಮೆ ಒಂದು ಪಾತ್ರೆ ಬೀಳುತ್ತಿತ್ತು. ಇನ್ನೊಂದು ಬೋಟಿನಲ್ಲಿ ಒಂದು ಕಡಲಹಕ್ಕಿ ಹಗಲೂ ರಾತ್ರಿಯೂ ಒಂದೇ ಸಲ ಕೂಗಿ ಸುಮ್ಮನಾಗುತ್ತಿತ್ತು. ಯಂತ್ರಕ್ಕೆ ಕೊಟ್ಟು ನೋಡಿಸಿದಳು. ನಾಲ್ಕುನೂರ ಹನ್ನೆರಡರಲ್ಲಿ ಮುನ್ನೂರ ತೊಂಬತ್ತು ಬೋಟುಗಳು ಹೀಗೇ ಇದ್ದವು. ಯಾವನೋ ಜಾಣ ಒಂದು ಉಪಾಯ ಕಂಡುಹಿಡಿದಿರಬೇಕು: ಒಮ್ಮೆ ಹೇಳಿ ಮುದ್ರಿಸಿಟ್ಟರೆ ಸಾಕು, ಪೆಟ್ಟಿಗೆ ತಾನೇ ಹೇಳುತ್ತಿರುತ್ತದೆ. ಬ್ಯಾಟರಿ ಇರುವಷ್ಟು ದಿನ ಹೇಳುತ್ತದೆ. ಹೊಸ ನಿಯಮದ ಜೊತೆ ಬಂದ ಈ ಪೆಟ್ಟಿಗೆ ನೀರಿನಲ್ಲಿ ತೇಲುವಂಥದ್ದು. ಬ್ಯಾಟರಿ ಹದಿನೈದು ದಿನದ್ದು.

ಫೋನು ಹೊಡೆದುಕೊಂಡಿತು. ಸುಗಂಧಿ.

"ವಾರಿಜ, ಇಲ್ಲಿ ಗಾಳಿ ಜೋರುಂಟು ಮಾರಾಯ್ತಿ, ಹಂಚು ಹಾರ್ತಾ ಉಂಟು. ಆದ್ರೂ ನಂಗೆ ಹೆದರಿಕೆ ಇಲ್ಲ. ಈಗ ಅವರ ದನಿ ಕೇಳಿದೆ. ಸರಿ ಇದ್ದಾರೆ ಅಲ್ವಾ?"

ವಾರಿಜಾ ಪರದೆಯ ಮೇಲಿನ ಆ ಅಲೆಗಳನ್ನೇ ನೋಡುತ್ತಿದ್ದಳು.

"ಹಲೋ? ಕೇಳ್ತಾ ಉಂಟಾ?"

"ಕೇಳ್ತಾ ಉಂಟು ಅತ್ತಿಗೆ," ಎಂದು ಫೋನಿಟ್ಟಳು. ಕೂಟದ ಗುಂಡಿ ಒತ್ತಿ ಹಿಡಿದಳು.

"ಅಣ್ಣಾ, ನಾನು ವಾರಿಜ. ಗಾಳಿ ಬರ್ತಾ ಉಂಟು. ಬೇರೆ ಎಂತಾದ್ರೂ ಹೇಳು. ಒಂದು ಬೈಗುಳ ಆದ್ರೂ ಸಾಕು. ಅಣ್ಣಾ."

ಅವಳ ಮಾತಿನ ಹಿಂದೆಯೇ ನಾವಿದ್ದೇವೆ, ನಾವಿದ್ದೇವೆ ಎಂದು ಹತ್ತಾರು ಬೋಟುಗಳ ಮಾತು ಹಾದುಹೋಯಿತು. ರಕ್ಷಣಾ ದೋಣಿಯವರಿಗೆ ಫೋನು ಮಾಡಿದಳು. "ಕೆಂಪು ಎಲ್ಲಿದೆ ಮೇಡಂ? ನಮಗೆ ಎಲ್ಲವೂ ನೀಲಿ ಕಾಣ್ತಾ ಇದೆ," ಎಂದರು ಅವರು. ನಾಲ್ಕು ಗಂಟೆಗೆ ಕಿಟಕಿಯ ಹೊರಗೆ ದಿಗಂತದ ಗೆರೆ ಅಳಿಸಿಹೋಗಿತ್ತು. ಅವಳು ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದುಕೊಂಡು, ಉಳಿದೆಲ್ಲ ಬೋಟುಗಳ ದನಿಯನ್ನು ಮುಚ್ಚಿ, ಅದೊಂದನ್ನೇ ತೆರೆದಿಟ್ಟು ಕೂತಳು. ಮುದ್ರಿಸಿದ್ದಾದರೂ ಈ ಸಲ ಕೆಮ್ಮು ಬಾರದಿರಲಿ, ಒಂದು ಉಸಿರಿನಷ್ಟು ತಡವಾಗಲಿ, ಹೆಸರೇ ತಪ್ಪಲಿ ಎಂದು ಮನೆದೇವರನ್ನು ಬೇಡಿಕೊಂಡಳು.

ನಾಲ್ಕು ಹತ್ತಾಯಿತು.

"ಮಹಾಲಿಂಗ ಕೃಪಾ," ಎಂದಿತು ಪೆಟ್ಟಿಗೆ. ಒಂದು ಸಣ್ಣ ಕೆಮ್ಮು.